ಹೊಲ ಬೇಗ ಬದಲಾಯಿತು, ಪೇಟೆ ತಡಮಾಡಿತು: ಕೊಪ್ಪಳದ ಒಂದು ಪ್ರಕರಣ ಅಧ್ಯಯನ

ಕೊಪ್ಪಳ ಒಂದೇ ಜಿಲ್ಲೆಯಾದರೂ ಇಲ್ಲಿ ಬೇಸಾಯ ಎರಡು ತರಹದ್ದು. ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಭತ್ತ, ರೈಸ್ ಮಿಲ್ಲು, ಸೋನಾ ಮಸೂರಿ ತುಂಬಿದ ಲಾರಿಗಳು. ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆ ಮಳೆ ಬಂದರೆ ಬೆಳೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುತ್ತದೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಹೊತ್ತಿಗೆ. ಸುದ್ದಿಯಾಗುವುದು ಯಾವಾಗಲೂ ನೀರಿನ ಕೊಪ್ಪಳವೇ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ರಾಜ್ಯ ಆ ಕಡೆ ನೋಡಿತು. ಕುಷ್ಟಗಿ ಕಡೆಯ ಒಣ ಹೊಲಕ್ಕೆ ಆ ಗೇಟು ಇದ್ದರೂ ಒಂದೇ, ಹೋದರೂ ಒಂದೇ.

ಈ ಪ್ರಕರಣ ಮಳೆಯ ಕೊಪ್ಪಳದ್ದು. ಒಂದು ಕಡೆ ಕುಷ್ಟಗಿ ಸೀಮೆಯ ಒಂದು ಹಳ್ಳಿಯ ಹತ್ತು ಹನ್ನೆರಡು ಮನೆಗಳು. ಇನ್ನೊಂದು ಕಡೆ ಕೊಪ್ಪಳ ಪೇಟೆ ಮತ್ತು ಪಕ್ಕದ ಭಾಗ್ಯನಗರದ ಸುಮಾರು ನಲವತ್ತು ಮನೆಗಳು. ಇವರು ಬೆಳೆಯುತ್ತಾರೆ, ಅವರು ಉಣ್ಣುತ್ತಾರೆ. ನಡುವೆ ದಲಾಲರಿಲ್ಲ, ಅಂಗಡಿಯಿಲ್ಲ. ಊರಿನ ಹೆಸರು ಬರೆಯಬೇಡಿ ಎಂದು ಗುಂಪಿನ ಹೆಂಗಸರೇ ಕೇಳಿದರು. ಹೆಸರು ಗೊತ್ತಾದರೆ ನೋಡೋಕೆ ಬರುವವರು ಜಾಸ್ತಿ ಆಗುತ್ತಾರಂತೆ. ಚಹಾ ಕಾಸುವುದು ಯಾರ ತಲೆಗೆ ಬರುತ್ತದೆ ಅಂತ ಬೇರೆ ಹೇಳಬೇಕಾ?

ಪೇಟೆಯ ನಲವತ್ತು ಮನೆಗಳಲ್ಲಿ ನಮ್ಮದೂ ಒಂದು. ಹಾಗಾಗಿ ಇದು ಹೊರಗೆ ನಿಂತು ನೋಡಿದವರ ವರದಿಯಲ್ಲ.

ಮೆಕ್ಕೆಜೋಳದಿಂದ ಅಕ್ಕಡಿಗೆ

ಈ ಊರಿನ ಹೊಲಗಳು ಹೆಚ್ಚಿನವು ಮಸಾರಿ, ಅಂದರೆ ಕೆಂಪು ಮಣ್ಣು. ಜೋರು ಮಳೆ ಬಂದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ, ನೀರು ಇಂಗುವ ಬದಲು ಹರಿದು ಹಳ್ಳ ಸೇರುತ್ತದೆ. ಹೋಗುವಾಗ ಮಣ್ಣನ್ನೂ ಒಯ್ಯುತ್ತದೆ. ಇಂಥ ಹೊಲದಲ್ಲಿ ಸಾಲು ಸಾಲು ವರ್ಷ ಮೆಕ್ಕೆಜೋಳ ಒಂದನ್ನೇ ಹಾಕಿದರು. ಬಿತ್ತುವಾಗ ಡಿಎಪಿ ಗೊಬ್ಬರ, ಮೊಣಕಾಲುದ್ದ ಆದಾಗ ಯೂರಿಯಾ, ಕಳೆಗೆ ಎಣ್ಣೆ, ಅಂದರೆ ಕಳೆನಾಶಕ. ಲೆಕ್ಕ ಹೇಗೋ ಸರಿಹೋಗುತ್ತಿತ್ತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗ ಕಡೆ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಸಲ ಕಾಣಿಸಿತು. ಈ ಹುಳಕ್ಕೆ ಮೆಕ್ಕೆಜೋಳದ ಸುಳಿ ಎಂದರೆ ಪ್ರೀತಿ. ಇಲ್ಲಿಗೂ ಬಂತು. ಒಂದರ ಮೇಲೊಂದು ಔಷಧಿ ಹೊಡೆದರು. ಬಂದ ರೊಕ್ಕ ಔಷಧಿ ಅಂಗಡಿಯ ಉದ್ರಿಗೆ ಹೋಯಿತು.

ಮಣ್ಣಿನ ಮೇಲಿನ ಪ್ರೀತಿಯಿಂದ ಯಾರೂ ಬದಲಾಗಲಿಲ್ಲ, ಇದನ್ನು ನೇರವಾಗಿ ಹೇಳಬೇಕು. ಉದ್ರಿ ತೀರಿಸಲಾಗದೆ ಬದಲಾದರು. ಹೊಸ ಬೇಸಾಯ ಯಾರೋ ಬಂದು ಕಲಿಸಿದ್ದೂ ಅಲ್ಲ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಕೈಯಲ್ಲಿ ಅಕ್ಕಡಿಯ, ಅಂದರೆ ಒಂದೇ ಹೊಲದಲ್ಲಿ ಹಲವು ಬೆಳೆ ಸಾಲುಸಾಲಾಗಿ ಬಿತ್ತುವ ಪದ್ಧತಿಯ ಲೆಕ್ಕ ಇನ್ನೂ ಇತ್ತು. ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿ. ನಡುನಡುವೆ ಅಲಸಂದಿ, ಮಡಿಕೆಕಾಳು. ಬದುವಿನ ಗುಂಟ ಪುಂಡಿ, ಗುರೆಳ್ಳು. ಇನ್ನೊಂದು ತುಂಡಿನಲ್ಲಿ ನವಣೆ, ಅದರ ಪಕ್ಕ ಸಾವೆ. ಸಜ್ಜೆ, ನವಣೆ ಮೂರು ತಿಂಗಳಿಗೆ ಕೊಯ್ಲಿಗೆ ಬರುತ್ತವೆ. ತೊಗರಿ ಐದಾರು ತಿಂಗಳು ಹೊಲದಲ್ಲೇ ನಿಲ್ಲುತ್ತದೆ, ಆಳಕ್ಕೆ ಬೇರು ಬಿಡುತ್ತದೆ, ಎಲೆ ಉದುರಿಸಿ ನೆಲ ಮುಚ್ಚುತ್ತದೆ. ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದು ಮಣ್ಣಿಗೆ ಕೊಡುತ್ತದೆ. ಸುಗ್ಗಿ ಮುಗಿದ ಮೇಲೆ ಕೆಂಗುರಿ ಹಿಂಡು ಬಂದರೆ ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬುವುದು. ರಾತ್ರಿಗೆ ಇಷ್ಟು ಎಂದು ಕುರುಬರಿಗೆ ಕಾಳೋ ರೊಕ್ಕವೋ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ದೊಡ್ಡ ಹೆಸರುಗಳಿವೆ. ಅಜ್ಜಿಗೆ ಇದು ಸುಮ್ನೆ ಒಕ್ಕಲುತನ.

ಆದರೆ ಒಬ್ಬರೇ ಮಾಡಿದರೆ ಇದು ನಡೆಯುವುದಿಲ್ಲ. ಮೊದಲ ವರ್ಷ ಇಬ್ಬರು ಮಾತ್ರ ನವಣೆ, ಸಜ್ಜೆ ಹಾಕಿದ್ದರು. ಸುತ್ತ ಎಲ್ಲ ಮೆಕ್ಕೆಜೋಳ. ಊರಿನ ಹಕ್ಕಿಗಳೆಲ್ಲ ಆ ಎರಡೇ ಹೊಲಕ್ಕೆ ಬಿದ್ದವು. ಅರ್ಧ ತೆನೆ ಅವುಗಳ ಪಾಲಾಯಿತು. ಇನ್ನೊಂದು ಕಾಟ ದನಗಳದ್ದು. ಮೆಕ್ಕೆಜೋಳದವರು ಕೊಯ್ಲು ಮುಗಿಸಿ ದನ ಬಿಡುತ್ತಾರೆ. ಆಗಿನ್ನೂ ತೊಗರಿ ಹೂವಿನಲ್ಲಿರುತ್ತದೆ. ಬೇಲಿ ಇಲ್ಲದ ಸೀಮೆಯಲ್ಲಿ ದನಕ್ಕೆ ಯಾರ ಹೊಲ ಎಂದು ಗೊತ್ತಾಗುತ್ತದೆಯೇ? ಆದ್ದರಿಂದ ಗುಂಪು ಮಾಡಿದ ಮೊದಲ ಕೆಲಸ ಮಾರಾಟದ್ದಲ್ಲ. ಹೊಂದಿಕೊಂಡ ಹೊಲಗಳವರು ಒಟ್ಟಿಗೆ ಬಿತ್ತಬೇಕು, ತೊಗರಿ ಕೊಯ್ಯುವವರೆಗೆ ಆ ದಿಕ್ಕಿಗೆ ದನ ಬಿಡಬಾರದು, ಇಷ್ಟು ಊರಿನ ಹಿರಿಯರ ಮುಂದೆ ಕುಳಿತು ಒಪ್ಪಿಸಿದರು. ಸಮುದಾಯ ಎನ್ನುವ ಮಾತು ಇಲ್ಲಿ ಅಲಂಕಾರಕ್ಕೆ ಬಂದಿಲ್ಲ. ಹಕ್ಕಿ ಮತ್ತು ದನದ ಕಾರಣಕ್ಕೇ ಅದು ಬೇಕಾಯಿತು.

ಇಷ್ಟಾದ ಮೇಲೆ ಹೊಲ ಎರಡೇ ವರ್ಷದಲ್ಲಿ ದಾರಿಗೆ ಬಂತು. ಗೊಬ್ಬರ, ಔಷಧಿಯ ಖರ್ಚು ಬಿದ್ದುಹೋಯಿತು. ನಿಜವಾದ ತಲೆನೋವು ಶುರುವಾದದ್ದು ಬೆಳೆ ಮನೆಗೆ ಬಂದ ಮೇಲೆ.

ಪೇಟೆಗೆ ಚೀಲ ಮತ್ತೆ ಬಂತು

ಕೊಪ್ಪಳ ಪೇಟೆಯಲ್ಲಿ ಇರುವವರು ಮುಕ್ಕಾಲು ಪಾಲು ಯಾವುದೋ ಹಳ್ಳಿಯವರೇ. ಮೇಷ್ಟ್ರು, ಬ್ಯಾಂಕಿನವರು, ನರ್ಸು, ನೇಕಾರರು. ಒಂದು ಕಾಲಕ್ಕೆ ಎಲ್ಲರ ಮನೆಗೂ ಸುಗ್ಗಿಯಾದ ಮೇಲೆ ಊರಿಂದ ಬಸ್ಸಿನ ಮೇಲೆ ಜೋಳದ ಚೀಲ ಬರುತ್ತಿತ್ತು. ಹೊಲ ಲಾವಣಿಗೆ, ಅಂದರೆ ಗೇಣಿಗೆ ಹೋದಂತೆ, ಊರಿನವರೇ ಮೆಕ್ಕೆಜೋಳಕ್ಕೆ ಬಿದ್ದಂತೆ ಆ ಚೀಲ ನಿಂತಿತು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದಾಗ ಪೇಟೆಯ ಕೆಲವು ಮನೆಗಳು ಊರಿನ ಬಂಧುಗಳಿಗೆ ಫೋನ್ ಮಾಡಿ ಕಾಳು ಕೇಳಿದವು. ಅಲ್ಲಿಂದ ಈ ಸಂಬಂಧ ಮತ್ತೆ ಚಿಗುರಿತು. ಬಂಧುಗಳಿಂದ ಪಕ್ಕದ ಮನೆಗೆ, ಅಲ್ಲಿಂದ ಶಾಲೆಯ ಸ್ಟಾಫ್ ರೂಮಿಗೆ.

ಪೇಟೆ ಕೇಳಿದ್ದು ಏನು? ತೊಗರಿಬೇಳೆ. ಬಿಳಿಜೋಳ. ಸ್ವಲ್ಪ ಶೇಂಗಾ. ತೊಗರಿ ಒಂದೇ ವಾರದಲ್ಲಿ ಖಾಲಿಯಾಯಿತು. ಸಜ್ಜೆ, ನವಣೆ, ಸಾವೆ ಹಳ್ಳಿಯ ಪಡಸಾಲೆಯಲ್ಲಿ ಚೀಲದಲ್ಲೇ ಉಳಿದವು. ತೊಗರಿ ಒಂದೇ ಬೇಕು ಎಂದರೆ ರೈತ ತೊಗರಿ ಒಂದನ್ನೇ ಬಿತ್ತುತ್ತಾನೆ, ಅಕ್ಕಡಿ ಮುರಿಯುತ್ತದೆ. ಹೊಲಕ್ಕೆ ಮಾತ್ರ ಎಲ್ಲವೂ ಒಟ್ಟಿಗೆ ಬೇಕು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವ ವಿಷಯ ಇದೇ. ಮಣ್ಣು ಸುಧಾರಿಸುವ ಬೇಸಾಯ ನಿಂತಿರುವುದು ಪೇಟೆಯವರು ಏನು ಉಣ್ಣಲು ತಯಾರಿದ್ದಾರೆ ಎನ್ನುವುದರ ಮೇಲೆ. ಯೋಜನೆ ಮಾಡುವವರು ರೈತನಿಗೆ ತರಬೇತಿ ಕೊಡುತ್ತಾರೆ. ಪೇಟೆಯ ಅಡುಗೆಮನೆಗೆ ಯಾರು ಕೊಡುತ್ತಾರೆ?

ಎರಡೂ ಕಡೆಯವರು ಮೊದಲ ಸಲ ಎದುರುಬದುರು ಕೂತದ್ದು ಎಳ್ಳಮವಾಸಿಯ ದಿನ, ಹೊಲದಲ್ಲೇ. ಚರಗ ಚೆಲ್ಲಿ, ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಂಡ ಮೇಲೆ ಮಾತು ಶುರುವಾಯಿತು. ನಮ್ಮ ಕಡೆಯ ಮೇಷ್ಟ್ರೊಬ್ಬರು ಕೇಳಿಯೇಬಿಟ್ಟರು: "ನವಣಿ ತಗೊಂಡು ಏನ್ ಮಾಡ್ಬೇಕ್ರಿ ಯಜಮಾನ್ರ? ನಮ್ಮನ್ಯಾಗ ಅನ್ನ ಅಂದ್ರ ಅಕ್ಕೀದ."

ಉತ್ತರ ಅಜ್ಜಿಯಿಂದ ಬಂತು: "ನಿಮ್ಮವ್ವ ಏನ್ ಉಂಡು ನಿಮ್ಮನ್ನ ಹಡದಾಳ, ಮನಿಗೆ ಹೋಗಿ ಕೇಳ್ ತಮ್ಮಾ."

ಎಲ್ಲರೂ ನಕ್ಕರು. ಆದರೆ ಮೇಷ್ಟ್ರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಕಾಲುವೆ ಬಂದ ಮೇಲೆ ಅಕ್ಕಿ ಇಲ್ಲಿಯದೇ ಆಯಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಯಲ್ಲೂ ಅಕ್ಕಿ ದಿನನಿತ್ಯದ್ದಾಯಿತು. ಹಸಿವು ಕಡಿಮೆಯಾದದ್ದನ್ನು ತಪ್ಪು ಎನ್ನುವವರು ಹಸಿದು ನೋಡಿದವರಲ್ಲ. ಆದರೆ ಆ ವೇಗದಲ್ಲಿ ನವಣೆ ಅನ್ನ ಬಸಿಯುವ ಕೈ ಮರೆಯಾಯಿತು ಎನ್ನುವುದೂ ನಿಜ.

ನಡುವಿನ ಗಿರಣಿ

ತೊಗರಿಯನ್ನು ಬೇಳೆ ಮಾಡಲು ಗಿರಣಿಗಳಿವೆ. ಜೋಳವನ್ನು ಯಾವ ಹಿಟ್ಟಿನ ಗಿರಣಿಯಾದರೂ ಬೀಸಿಕೊಡುತ್ತದೆ. ನವಣೆ, ಸಾವೆಯ ಕಥೆ ಬೇರೆ. ಕಾಳಿನ ಮೇಲೆ ಗಟ್ಟಿ ಹೊಟ್ಟು. ಅದು ಬಿಟ್ಟು ಅಕ್ಕಿ ಮಾತ್ರ ಸಿಗಬೇಕು. ಹಿಂದೆ ಒರಳು, ಒನಕೆ ಇತ್ತು, ಅದು ಹೆಂಗಸರ ರಟ್ಟೆ ಮುರಿಯುವ ಕೆಲಸ. ಮತ್ತೆ ಅದನ್ನೇ ಮಾಡಿ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಇರಲೂಬಾರದು. ಜಿಲ್ಲೆಯಲ್ಲಿ ರೈಸ್ ಮಿಲ್ಲಿಗೆ ಬರವಿಲ್ಲ. ಆದರೆ ಭತ್ತದ ಹಲ್ಲರಿಗೆ ನವಣೆ ಹಾಕಿದರೆ ಅಷ್ಟು ಸಣ್ಣ ಕಾಳು ನುಚ್ಚಾಗುತ್ತದೆ, ಇಲ್ಲವೇ ಹೊಟ್ಟು ಸಮೇತ ಹೊರಗೆ ಬರುತ್ತದೆ.

ಮೊದಲ ಸಲ ನಮ್ಮ ಮನೆಗಳಿಗೆ ಬಂದ ನವಣೆ ಅಕ್ಕಿಯಲ್ಲಿ ಅರ್ಧ ಹೊಟ್ಟು, ಜೊತೆಗೆ ಕಲ್ಲು. ಕಲ್ಲು ಎಲ್ಲಿಂದ? ರಸ್ತೆಯ ಮೇಲೆ ತೆನೆ ಹರಡಿ ವಾಹನಗಳ ಗಾಲಿಯಿಂದ ಒಕ್ಕಿದ್ದರು. ಕಾಳಿನಷ್ಟೇ ಗಾತ್ರದ ಹರಳು ಸೇರಿಕೊಂಡರೆ ಮೊರದಲ್ಲಿ ಕೇರಿದರೂ ಹೋಗುವುದಿಲ್ಲ. ಒಂದು ಮನೆಯಲ್ಲಿ ಹಲ್ಲು ಮುರಿದು ಡಾಕ್ಟರ ಹತ್ತಿರ ಹೋದರು. ಆ ತಿಂಗಳು ಏಳೆಂಟು ಮನೆ ಬಿಟ್ಟುಹೋದವು.

ಆಮೇಲೆ ಗುಂಪು ಒಂದು ಸಣ್ಣ ಸಿರಿಧಾನ್ಯ ಗಿರಣಿ ಹಾಕಿತು. ಕಲ್ಲು ತೆಗೆಯುವ ಮಷಿನ್, ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಮಾಡುವ ಜರಡಿ, ಹೊಟ್ಟು ಬಿಡಿಸುವ ಮಷಿನ್. ಹಣದಲ್ಲಿ ಸ್ವಲ್ಪ ಮಹಿಳಾ ಸಂಘದ ಸಾಲ, ಸ್ವಲ್ಪ ಪೇಟೆಯ ಮನೆಗಳು ಮುಂಗಡ ಕೊಟ್ಟದ್ದು. ಮಷಿನ್ ಬಂದಮೇಲೂ ಒಂದು ಸುಗ್ಗಿ ಕಲಿಯುವುದರಲ್ಲೇ ಹೋಯಿತು. ನವಣೆಗೆ ಇಟ್ಟ ಸೆಟ್ಟಿಂಗ್ ಸಾವೆಗೆ ಆಗದು. ಕಾಳಿನಲ್ಲಿ ಹಸಿ ಇದ್ದರೆ ಹೊಟ್ಟು ಬಿಡದು. ಕೈ ಕುದುರಿದ ಮೇಲೆ ಒಂದು ಕ್ವಿಂಟಲ್ ನವಣೆಗೆ 65ರಿಂದ 70 ಕಿಲೋ ಅಕ್ಕಿ ಸಿಗುತ್ತದೆ. ಉಳಿದ ಹೊಟ್ಟು ತಿಪ್ಪೆಗೆ. ಇಂಥದ್ದೊಂದು ಗಿರಣಿ ಹೋಬಳಿಗೆ ಒಂದರಂತೆ ಇದ್ದರೆ ಸಿರಿಧಾನ್ಯ ಮೇಳಗಳ ಅರ್ಧ ಭಾಷಣ ಬೇಕಾಗುವುದಿಲ್ಲ ಎನಿಸುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿತು. ಆ ವರ್ಷ ಪೋಸ್ಟರುಗಳು ತುಂಬಾ ಬಂದವು.

ಸಜ್ಜೆಯದು ಇನ್ನೊಂದೇ ತಕರಾರು. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ. ಬೀಸಿದ ಮೇಲೆ ಆ ಎಣ್ಣೆ ಬೇಗ ಕೆಡುತ್ತದೆ. ವಾರ ಹತ್ತು ದಿನದಲ್ಲಿ ಹಿಟ್ಟು ಕಹಿ. "ಯಕ್ಕಾ, ನಿಮ್ಮ ಸಜ್ಜಿ ಹಿಟ್ಟು ಕಹಿ ಐತ್ರಿ" ಎಂದು ನಮ್ಮ ಕಡೆಯಿಂದ ಫೋನ್ ಹೋದಾಗ ಹಳ್ಳಿಯವರಿಗೆ ಆಶ್ಚರ್ಯ. ಅವರು ಎಂದೂ ಮೂರು ದಿನಕ್ಕಿಂತ ಜಾಸ್ತಿಯ ಹಿಟ್ಟು ಬೀಸಿಟ್ಟವರಲ್ಲ. ಪರಿಹಾರ ಸುಲಭದ್ದು, ಆದರೆ ಹೊಳೆಯಲು ಹೊತ್ತು ಹಿಡಿಯಿತು. ಸಜ್ಜೆಯನ್ನು ಕಾಳಾಗಿಯೇ ತರುವುದು, ಭಾಗ್ಯನಗರದ ಒಂದು ಹಿಟ್ಟಿನ ಗಿರಣಿಯಲ್ಲಿ ಇಡುವುದು, ವಾರಕ್ಕೊಮ್ಮೆ ಅವರವರಿಗೆ ಬೇಕಾದಷ್ಟು ಬೀಸಿಕೊಳ್ಳುವುದು. ಗಿರಣಿಯವರಿಗೆ ಬೀಸುವ ಕೂಲಿ ಸಿಗುತ್ತದೆ, ಬೇಸಿಗೆಯ ಖಾಲಿ ದಿನಗಳಲ್ಲೂ ಗಿರಾಕಿ. ನವಣೆ ಅಕ್ಕಿಯೂ ಎರಡು ಮೂರು ತಿಂಗಳಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ. ಹೊಟ್ಟು ಇದ್ದರೆ ವರ್ಷಗಟ್ಟಲೆ ಕೆಡದು. ಹಾಗಾಗಿ ಈಗ ಎಲ್ಲವೂ ಹಳ್ಳಿಯಲ್ಲಿ ಹೊಟ್ಟಿನ ಸಮೇತ ಇರುತ್ತದೆ. ತಿಂಗಳಿಗೆ ಬೇಕಾದಷ್ಟು ಮಾತ್ರ ಗಿರಣಿಗೆ.

ಬೆಲೆ, ಬರ, ಜಗಳ

ವ್ಯವಸ್ಥೆ ಹೀಗಿದೆ. ಪೇಟೆಯ ಮನೆ ಯುಗಾದಿಯ ಹೊತ್ತಿಗೆ ವರ್ಷದ ಮೊತ್ತದಲ್ಲಿ ಒಂದು ಪಾಲು ಮುಂಗಡ ಕೊಡುತ್ತದೆ. ಬಿತ್ತನೆ ಖರ್ಚಿಗೆ ಅದು ಸರಿಹೋಗುತ್ತದೆ, ಅಂಗಡಿಯ ಉದ್ರಿ ತಪ್ಪುತ್ತದೆ. ಪ್ರತಿಯಾಗಿ ತಿಂಗಳಿಗೊಂದು ಬುಟ್ಟಿ ಬರುತ್ತದೆ. ಬುಟ್ಟಿಯಲ್ಲಿ ಏನಿರಬೇಕು ಎಂದು ತೀರ್ಮಾನಿಸುವುದು ಹೊಲ. ಶ್ರಾವಣಕ್ಕೆ ಹೆಸರು, ಅಲಸಂದಿ. ದೀಪಾವಳಿಗೆ ನವಣೆ, ಸಾವೆ. ಸಂಕ್ರಾಂತಿಗೆ ಸಜ್ಜೆ, ಎಳ್ಳು. ಆಮೇಲೆ ತೊಗರಿ. ತೊಗರಿ ಬೇಕಾದವರು ನವಣೆಯನ್ನೂ ಒಯ್ಯಲೇಬೇಕು. ಇದಕ್ಕೆ ಒಪ್ಪದ ಕೆಲವರು ಹೊರಗುಳಿದರು. ಒಳ್ಳೆಯದೇ ಆಯಿತು. ಇಂಥದ್ದು ಹೊಸದೇನೂ ಅಲ್ಲ. ಜಪಾನಿನಲ್ಲಿ 1970ರ ದಶಕದಲ್ಲೇ ಗೃಹಿಣಿಯರು ರೈತರ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದ್ದರು, ಅದನ್ನು ತೇಕೆಯ್ ಎನ್ನುತ್ತಾರೆ. ನಮ್ಮ ಪಕ್ಕದ ತೆಲಂಗಾಣದ ಜಹೀರಾಬಾದ್ ಕಡೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1980ರ ದಶಕದಿಂದ ಒಣಭೂಮಿಯ ಕಾಳುಗಳನ್ನು ಉಳಿಸಿಕೊಂಡು ಬಂದಿವೆ.

ಬೆಲೆಯ ವಿಷಯ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಕೇಂದ್ರ ಬೆಂಬಲ ಬೆಲೆ ಸಾರುವ ಬೆಳೆಗಳ ಪಟ್ಟಿಯಲ್ಲಿ ಸಜ್ಜೆ ಇದೆ, ತೊಗರಿ ಇದೆ. 2025-26ಕ್ಕೆ ಕ್ವಿಂಟಲ್ ಸಜ್ಜೆಗೆ 2,775 ರೂಪಾಯಿ, ತೊಗರಿಗೆ 8,000. ನವಣೆ, ಸಾವೆ ಆ ಪಟ್ಟಿಯಲ್ಲಿಲ್ಲ. ಗುಂಪು ಯುಗಾದಿಗೇ ಎಲ್ಲದಕ್ಕೂ ವರ್ಷದ ಬೆಲೆ ಕಟ್ಟುತ್ತದೆ. ನವಣೆಗೆ ಆಳು, ಗಿರಣಿ, ಬಸ್ಸಿನ ಬಾಡಿಗೆ ಎಲ್ಲ ಲೆಕ್ಕ ಹಾಕಿ, ಮೇಲೆ ಇಷ್ಟು ಎಂದು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿದ ವರ್ಷ ಅದು. ಸುತ್ತಲಿನ ಮೆಕ್ಕೆಜೋಳ ಸುಳಿಯಲ್ಲೇ ಒಣಗಿತು. ಅಕ್ಕಡಿ ಹೊಲದಲ್ಲಿ ನವಣೆ, ಸಜ್ಜೆ ಅಷ್ಟೋ ಇಷ್ಟೋ ಬಂತು. ತೊಗರಿ ಕಡಿಮೆಯಾಯಿತು. ಮುಂಗಡ ಕೊಟ್ಟ ಪೇಟೆಯ ಮನೆಗಳಲ್ಲಿ ಗುಸುಗುಸು. ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು, "ಅಡ್ವಾನ್ಸ್ ಕೊಟ್ಟೇವಿ ಅಂದಮ್ಯಾಲ ಮಾಲು ಬರಬೇಕಲ್ರಿ" ಎಂದರು. ಬಂದಷ್ಟನ್ನೇ ಎಲ್ಲರಿಗೂ ಸಮ ಹಂಚಿದರು, ಉಳಿದ ಮುಂಗಡ ಮುಂದಿನ ವರ್ಷಕ್ಕೆ ಹೋಯಿತು. ಮೂರು ಮನೆ ಹಣ ವಾಪಸು ಕೇಳಿದವು, ಕೊಟ್ಟರು.

ಅದಕ್ಕಿಂತ ದೊಡ್ಡ ಜಗಳ 2024ರ ಆರಂಭದಲ್ಲಿ. ಬರದಿಂದಾಗಿ ಪೇಟೆಯಲ್ಲಿ ತೊಗರಿ ಕ್ವಿಂಟಲ್‌ಗೆ 10,000 ದಾಟಿತು. ಗುಂಪಿನ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಇಬ್ಬರು ರಾತ್ರೋರಾತ್ರಿ ಚೀಲಗಳನ್ನು ಎಪಿಎಂಸಿಗೆ ಒಯ್ದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಒಬ್ಬರ ಮನೆಯಲ್ಲಿ ಮಗಳ ಮದುವೆ ಇತ್ತು. ನಾವು ಪೇಟೆಯವರು ಅಂಗಡಿಯಲ್ಲಿ ಬೇಳೆ ಅಗ್ಗವಾದರೆ ಅಲ್ಲಿಗೆ ಓಡುವುದಿಲ್ಲವೇ? ಕೊನೆಗೆ ಒಂದು ನಿಯಮ ಬಂತು. ಬುಟ್ಟಿಯ ಪಾಲನ್ನು ಮೊದಲು ಎತ್ತಿಡಬೇಕು, ಉಳಿದದ್ದನ್ನು ಎಲ್ಲಿ ಬೇಕಾದರೂ ಮಾರಬಹುದು. ಮರುವರ್ಷ ಸುಗ್ಗಿಯಲ್ಲಿ ತೊಗರಿ ದರ ಬೆಂಬಲ ಬೆಲೆ 7,550ರ ಕೆಳಗೆ ಬಿತ್ತು. ಆಗ ಗುಂಪಿನ ಬೆಲೆ ರೈತರನ್ನು ಕಾಪಾಡಿತು. ಎಪಿಎಂಸಿಗೆ ಹೋಗಿದ್ದ ಇಬ್ಬರೂ ಈಗ ಗುಂಪಿನಲ್ಲೇ ಇದ್ದಾರೆ.

ಹಿಂದಿರುಗಿ ಹೋಗಬೇಕಾದದ್ದು

ಹೊಲದಿಂದ ಕಾಳು ಪೇಟೆಗೆ ಬರುತ್ತದೆ. ಕಾಳಿನ ಜೊತೆ ಮಣ್ಣಿನ ಸತ್ವವೂ ಬರುತ್ತದೆ. ಅದು ವಾಪಸು ಹೋಗದಿದ್ದರೆ ಎಷ್ಟು ಕುರಿ ತರುಬಿದರೂ ಲೆಕ್ಕ ಸರಿಹೋಗುವುದಿಲ್ಲ. ಪೇಟೆಯ ಹಸಿ ಕಸವನ್ನು ಗೊಬ್ಬರ ಮಾಡಿ ಕಳಿಸೋಣ ಎಂದು ಶುರುಮಾಡಿದೆವು. ಮೊದಲ ಟ್ರ್ಯಾಕ್ಟರ್ ಗೊಬ್ಬರ ಹೊಲಕ್ಕೆ ಬಿದ್ದ ಮೇಲೆ ನೋಡಿದರೆ ಶಾಂಪೂ ಪಾಕೀಟು, ಗಾಜಿನ ಚೂರು, ಒಂದು ಬ್ಯಾಟರಿ ಸೆಲ್. ಕುಂಟೆ ಹೊಡೆಯುತ್ತಿದ್ದವರ ಕಾಲಿಗೆ ಗಾಜು ಚುಚ್ಚಿತು. ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಎಂದು 2016ರ ನಿಯಮವೇ ಹೇಳಿತ್ತು, ಓಣಿಯಲ್ಲಿ ಎಷ್ಟು ನಡೆಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಈಗ ಮಿಶ್ರ ಕಸದ ಸಹವಾಸ ಬಿಟ್ಟಿದ್ದೇವೆ. ಕಾಯಿಪಲ್ಲೆ ಸಂತೆಯಲ್ಲಿ ಉಳಿಯುವ ಸೊಪ್ಪು, ಕೊಳೆತ ತರಕಾರಿ ಮಾತ್ರ ಎತ್ತುತ್ತೇವೆ. ಪ್ರಮಾಣ ತೀರಾ ಕಡಿಮೆ, ಒಂದೆರಡು ಹೊಲಕ್ಕೆ ಸಾಲುತ್ತದೆ ಅಷ್ಟೆ. ಪೇಟೆ ಮತ್ತು ಹಳ್ಳಿ ಸುತ್ತುಗೂಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇಲ್ಲಿ ಅರ್ಧ ಸುತ್ತೂ ಪೂರ್ತಿಯಾಗಿಲ್ಲ.

ಪ್ರಮಾಣಪತ್ರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಾವಯವ ಬೆಳೆಗೆ ರೈತರೇ ಪರಸ್ಪರ ಖಾತರಿ ಕೊಡುವ ಪಿಜಿಎಸ್ ಪದ್ಧತಿಯಲ್ಲಿ ಐದು ಜನ ರೈತರಾದರೂ ಗುಂಪಾಗಿ ಪರಸ್ಪರರ ಹೊಲ ನೋಡಿ ಸಹಿ ಹಾಕಬೇಕು. ಮಾಡಿಕೊಂಡಿದ್ದಾರೆ. ಪೇಟೆಯ ಮನೆಗಳಲ್ಲಿ ಆ ಕಾಗದ ಕೇಳಿದವರನ್ನು ನಾನು ಕಂಡಿಲ್ಲ. ಎಳ್ಳಮವಾಸಿಗೆ ಹೊಲಕ್ಕೆ ಹೋಗಿ ಉಂಡು ಬಂದವರಿಗೆ ಅದು ಬೇಕಾಗಲಿಲ್ಲ.

ಕಾಡುವ ಪ್ರಶ್ನೆ ಕೂಲಿಯದು. ಅಕ್ಕಡಿ ಹೊಲದಲ್ಲಿ ಕಳೆ ಎಣ್ಣೆ ಹೊಡೆಯಲು ಬರುವುದಿಲ್ಲ, ಸಜ್ಜೆ ಉಳಿದರೆ ತೊಗರಿ ಸಾಯುತ್ತದೆ. ಎಡೆ ಹೊಡೆದು, ಉಳಿದದ್ದನ್ನು ಕೈಯಿಂದ ಕೀಳಬೇಕು. ಊರಿನ ಭೂಮಿಯಿಲ್ಲದ ಹೆಂಗಸರಿಗೆ ಕೆಲಸದ ದಿನಗಳು ಜಾಸ್ತಿ ಆಗಿವೆ. ಅದೇ ಹೊತ್ತಿಗೆ ಗುಂಪಿನ ಮನೆಗಳ ಹೆಂಗಸರಿಗೆ ಕೂಲಿ ಇಲ್ಲದ ದುಡಿತವೂ ಜಾಸ್ತಿ ಆಗಿದೆ. ಹೊಲ, ಗಿರಣಿ, ಬುಟ್ಟಿ ಕಟ್ಟುವುದು, ಫೋನು. ಗಂಡಸರು ಸಭೆಗೆ ಬರುತ್ತಾರೆ. ಕಳೆದ ವರ್ಷದಿಂದ ಗಿರಣಿ ಮತ್ತು ಬುಟ್ಟಿಯ ಕೆಲಸಕ್ಕೆ ದಿನಗೂಲಿ ಕೊಡುವುದು ಶುರುವಾಗಿದೆ, ಅದೂ ಹೆಂಗಸರು ಎರಡು ವಾರ ಬುಟ್ಟಿ ಕಟ್ಟುವುದು ನಿಲ್ಲಿಸಿದ ಮೇಲೆ. ಇನ್ನು ಪೇಟೆಯಲ್ಲಿ ನಮ್ಮ ಓಣಿ ಗುಡಿಸುವವರ ಮನೆಗೆ ಈ ಬುಟ್ಟಿ ಹೋಗುವುದಿಲ್ಲ. ಯುಗಾದಿಗೆ ಮುಂಗಡ ಕೊಡುವ ಶಕ್ತಿ ಅವರಿಗಿಲ್ಲ. ವಾರವಾರ ಕಾಸು ಕೊಟ್ಟು ಅರ್ಧ ಬುಟ್ಟಿ ಒಯ್ಯಬಹುದು ಎಂದು ಮಾಡಿದೆವು. ಎರಡು ಮನೆ ಸೇರಿವೆ.

ಈಗ ಗುಂಪಿನ ಮುಂದೆ ಒಂದು ಹಾಸ್ಟೆಲಿನ ಕೇಳಿಕೆ ಇದೆ. ವರ್ಷವಿಡೀ ನವಣೆ ಅಕ್ಕಿ ಬೇಕು, ಬೇರೇನೂ ಬೇಡ. ನಲವತ್ತು ಮನೆ ಒಯ್ಯುವುದಕ್ಕಿಂತ ಜಾಸ್ತಿ ಮಾಲು, ಒಂದೇ ಬಿಲ್ಲು, ಒಂದೇ ಚೆಕ್ಕು. ಒಪ್ಪಿದರೆ ಹೊಲವೆಲ್ಲ ನವಣೆಯಾಗುತ್ತದೆ, ಮೆಕ್ಕೆಜೋಳದ ಜಾಗಕ್ಕೆ ಇನ್ನೊಂದು ಒಂಟಿ ಬೆಳೆ ಬಂದಂತೆ. ಗಂಡಸರಲ್ಲಿ ಕೆಲವರು ಒಪ್ಪೋಣ ಎನ್ನುತ್ತಾರೆ. ಗಿರಣಿ ನಡೆಸುವ ಹೆಂಗಸರು ಒಪ್ಪುವುದಿಲ್ಲ. ನವಣೆಯ ಜೊತೆ ತೊಗರಿ, ಅಲಸಂದಿಯನ್ನೂ ಹಾಸ್ಟೆಲ್ ಒಯ್ಯಬೇಕು, ಸಾವೆ ಬರುವ ತಿಂಗಳು ಸಾವೆ ಉಣ್ಣಬೇಕು ಎಂದು ಬರೆದು ಕಳಿಸಿದ್ದಾರೆ. ಹಾಸ್ಟೆಲಿನವರು ಇನ್ನೂ ಉತ್ತರ ಕೊಟ್ಟಿಲ್ಲ. ಬಿತ್ತನೆಗೆ ಮೊದಲು ಕೊಡದಿದ್ದರೆ ಈ ವರ್ಷ ನಲವತ್ತು ಮನೆಯ ಲೆಕ್ಕದಲ್ಲೇ ಬಿತ್ತುವುದು ಎಂದು ತೀರ್ಮಾನವಾಗಿದೆ.